ಸಹಿ ಹಾಕಿದ ಕಂಪನಿ, ಸುಳ್ಳು ಹೇಳಿದ ಕಾರು

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಸೆಮಿನಾರ್ ಹಾಲ್‌ನಲ್ಲಿ ಕಂಪನಿಗಳ ಸ್ಲೈಡ್ ನೋಡ್ತಾ ಕೂರೋದು ನಮ್ಮೆಲ್ಲರ ಕೆಲಸ. ಪ್ಯಾಕೇಜ್ ಎಷ್ಟು, ಬಾಂಡ್ ಇದೆಯಾ, ಲೊಕೇಶನ್ ಯಾವುದು ಅಂತ ಕಣ್ಣು ಹುಡುಕ್ತಿರುತ್ತೆ. ನಡುವೆ ಎಲ್ಲೋ 'ನಾವು ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್‌ಗೆ ಸಹಿ ಹಾಕಿದ್ದೇವೆ' ಅನ್ನೋ ಸ್ಲೈಡ್ ಬಂದರೆ ಅದನ್ನು ಓದುವವರು ಕಡಿಮೆ. ಈ ಸಲ ಆ ಸ್ಲೈಡ್ ಬಗ್ಗೆಯೇ ಮಾತಾಡೋಣ.

ಏನಿದು ಗ್ಲೋಬಲ್ ಕಾಂಪ್ಯಾಕ್ಟ್?

ವಿಶ್ವಸಂಸ್ಥೆಯ ಅಂದಿನ ಮಹಾಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ 1999ರಲ್ಲಿ ದಾವೋಸ್‌ನಲ್ಲಿ ಉದ್ಯಮಿಗಳ ಮುಂದೆ ಇದರ ಪ್ರಸ್ತಾಪ ಇಟ್ಟರು. 2000ದ ಜುಲೈನಲ್ಲಿ ಇದು ಆರಂಭವಾಯಿತು. ಮೊದಲು ಇದ್ದದ್ದು 9 ತತ್ವಗಳು. 2004ರಲ್ಲಿ ಹತ್ತನೆಯದು ಸೇರಿತು. ಅವುಗಳನ್ನು ನಾಲ್ಕು ಗುಂಪಾಗಿ ನೆನಪಿಡಬಹುದು:

- ಮಾನವ ಹಕ್ಕುಗಳು (1–2): ಹಕ್ಕುಗಳನ್ನು ಗೌರವಿಸಬೇಕು, ಉಲ್ಲಂಘನೆಯಲ್ಲಿ ಪಾಲುದಾರರಾಗಬಾರದು.
- ಕಾರ್ಮಿಕರು (3–6): ಸಂಘ ಕಟ್ಟುವ ಸ್ವಾತಂತ್ರ್ಯ ಇರಬೇಕು, ಬಲವಂತದ ದುಡಿಮೆ, ಬಾಲಕಾರ್ಮಿಕತನ, ತಾರತಮ್ಯ ಇರಬಾರದು.
- ಪರಿಸರ (7–9): ಮುನ್ನೆಚ್ಚರಿಕೆ, ಹೊಣೆಗಾರಿಕೆ, ಪರಿಸರಸ್ನೇಹಿ ತಂತ್ರಜ್ಞಾನ.
- ಭ್ರಷ್ಟಾಚಾರ ವಿರೋಧ (10): ಲಂಚ, ಸುಲಿಗೆ ಸೇರಿ ಎಲ್ಲ ರೂಪದ ಭ್ರಷ್ಟಾಚಾರದ ವಿರುದ್ಧ ನಿಲ್ಲಬೇಕು.

ಇದು ಕಾನೂನಲ್ಲ. ಕಂಪನಿ ತಾನಾಗಿಯೇ ಸೇರುತ್ತೆ, ಪ್ರತಿವರ್ಷ ಪ್ರಗತಿ ವರದಿ ಕೊಡುತ್ತೆ. ವರದಿ ಕೊಡದೇ ಇದ್ದರೆ ಪಟ್ಟಿಯಿಂದ ಹೆಸರು ತೆಗೆಯಬಹುದು. ಆದರೆ ಫ್ಯಾಕ್ಟರಿಗೆ ಬಂದು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಯಾರೂ ಇಲ್ಲ.

ಹಾಗಾದ್ರೆ ಸಹಿಗೆ ಬೆಲೆ ಏನು? ಒಂದು ಉದಾಹರಣೆ ನೋಡೋಣ.

ರೋಲರ್ ಮೇಲೆ ಒಂದು, ರಸ್ತೆ ಮೇಲೆ ಇನ್ನೊಂದು

ಜರ್ಮನಿಯ ಫೋಕ್ಸ್‌ವ್ಯಾಗನ್ 2002ರಲ್ಲೇ ಕಾಂಪ್ಯಾಕ್ಟ್ ಸೇರಿತ್ತು. ಮುಂದೆ ಅಮೆರಿಕದಲ್ಲಿ 'ಕ್ಲೀನ್ ಡೀಸೆಲ್' ಅಂತ ಜಾಹೀರಾತು ಕೊಟ್ಟು ಕಾರು ಮಾರಿತು.

ಡೀಸೆಲ್ ಇಂಜಿನ್‌ನ ತೊಂದರೆ ನಮಗೆ ಗೊತ್ತಿರೋದೇ: ಹೆಚ್ಚು ಉಷ್ಣತೆ, ಹೆಚ್ಚು ಗಾಳಿ, ಆದ್ದರಿಂದ ನೈಟ್ರೋಜನ್ ಆಕ್ಸೈಡ್. ಅದನ್ನು ತಡೆಯೋಕೆ ಟ್ರ್ಯಾಪ್ ಹಾಕಿದರೆ ಅದನ್ನು ಆಗಾಗ ಶುದ್ಧಿ ಮಾಡೋಕೆ ಹೆಚ್ಚುವರಿ ಇಂಧನ ಬೇಕು. ಯೂರಿಯಾ ದ್ರಾವಣ ಚಿಮುಕಿಸಿದರೆ ಅದರ ಟ್ಯಾಂಕ್ ಖಾಲಿಯಾಗುತ್ತೆ. ಮೈಲೇಜ್, ಖರ್ಚು, ಮಾಲಿನ್ಯ ಮೂರನ್ನೂ ಒಟ್ಟಿಗೆ ಸರಿದೂಗಿಸೋದು ಕಷ್ಟ.

ಕಂಪನಿ ಆರಿಸಿಕೊಂಡಿದ್ದು ಸಾಫ್ಟ್‌ವೇರ್ ದಾರಿ. ಲ್ಯಾಬ್ ಪರೀಕ್ಷೆಯಲ್ಲಿ ಕಾರು ರೋಲರ್ ಮೇಲೆ ಓಡುತ್ತೆ, ಸ್ಟೀರಿಂಗ್ ತಿರುಗಲ್ಲ, ವೇಗದ ಏರಿಳಿತ ಮೊದಲೇ ನಿಗದಿ. ಸ್ಟೀರಿಂಗ್ ಸ್ಥಾನ, ವೇಗ, ಇಂಜಿನ್ ಓಡಿದ ಸಮಯ, ಗಾಳಿಯ ಒತ್ತಡ ನೋಡಿ 'ಇದು ಪರೀಕ್ಷೆ' ಅಂತ ಪತ್ತೆಹಚ್ಚಿದ ಕೋಡ್ ಮಾಲಿನ್ಯ ನಿಯಂತ್ರಣವನ್ನು ಪೂರ್ತಿ ಚಾಲೂ ಮಾಡ್ತಿತ್ತು. ರಸ್ತೆಗೆ ಇಳಿದ ಮೇಲೆ ಅದು ಕುಗ್ಗುತ್ತಿತ್ತು.

ಇದು ಬಯಲಿಗೆ ಬರೋಕೆ ಕಾರಣವಾಗಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಚಿಕ್ಕ ತಂಡ. ಅದರಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಕೂಡ ಇದ್ದರು. ಮೋಸ ಹಿಡಿಯಬೇಕು ಅಂತ ಹೊರಟವರಲ್ಲ ಅವರು. ಅಳೆಯುವ ಯಂತ್ರವನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆ ಮೇಲೆ ಓಡಿಸಿದರು, ಅಷ್ಟೇ. 2014ರ ಅವರ ವರದಿ ಪ್ರಕಾರ ಜೆಟ್ಟಾ ಕಾರು ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ಹೆಚ್ಚು ನೈಟ್ರೋಜನ್ ಆಕ್ಸೈಡ್ ಉಗುಳ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟಿಸ್ ಕೊಟ್ಟಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಇಂಥ ಸಾಫ್ಟ್‌ವೇರ್ ಇದೆ ಅಂತ ಕಂಪನಿಯೇ ಒಪ್ಪಿಕೊಂಡಿತು. 2017ರಲ್ಲಿ ಅಮೆರಿಕದ ಕೋರ್ಟ್ ಅಲ್ಲಿನ ಒಬ್ಬ ಇಂಜಿನಿಯರ್‌ಗೆ 40 ತಿಂಗಳ ಜೈಲು ವಿಧಿಸಿತು.

ಕಂಪನಿ ಕಾಂಪ್ಯಾಕ್ಟ್‌ನಿಂದ ಹೊರಗುಳಿದು, 2021ರಲ್ಲಿ ಮತ್ತೆ ಸೇರಿತು.

ನಮಗೇನು ಪಾಠ?

ಸಹಿ ಹಾಕಿದ್ದು ಮೇಲಿನವರು, ಕೋಡ್ ಬರೆದದ್ದು ನಮ್ಮಂಥ ಇಂಜಿನಿಯರ್‌ಗಳು. ಏಳನೇ, ಎಂಟನೇ ತತ್ವ ಮುರಿದಿದ್ದು ಟೆಸ್ಟ್ ಬೆಂಚ್ ಹತ್ತಿರ. ಹಾಗಂತ ಸಹಿ ವ್ಯರ್ಥ ಅನ್ನೋಕಾಗಲ್ಲ. ಕೊಟ್ಟ ಮಾತು ಲಿಖಿತವಾಗಿದ್ದರೆ 'ನೀವೇ ಹೀಗೆ ಹೇಳಿದ್ರಲ್ಲ' ಅಂತ ಕೇಳೋಕೆ ಒಂದು ಆಧಾರ ಸಿಗುತ್ತೆ. ಮುಂದಿನ ಸಲ ಕಂಪನಿಯ ಪ್ರಗತಿ ವರದಿ ತೆರೆದು ಮೂರು ವಿಷಯ ನೋಡೋಣ: ಅಂಕಿಗಳನ್ನು ಅಳೆದವರು ಯಾರು? ಹೊರಗಿನವರು ಪರಿಶೀಲಿಸಿದ್ದಾರಾ? ಒಳಗಿನ ನೌಕರ ತಪ್ಪು ಕಂಡರೆ ಹೇಳೋಕೆ, ಹೇಳಿಯೂ ಕೆಲಸ ಉಳಿಸಿಕೊಳ್ಳೋಕೆ ದಾರಿ ಇದೆಯಾ?

ಇನ್ನೊಂದು ಮಾತು, ಇದು ನಮಗೇ. ಕರ್ವ್ ನೀಟಾಗಿ ಬರಲಿ ಅಂತ ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ತುಂಬಿದವರು ನಮ್ಮಲ್ಲಿ ಎಷ್ಟು ಜನ? ನಾವೂ ತುಂಬಿದ್ದೀವಿ. ಅಲ್ಲಿ ಹೋಗೋದು ಎರಡು ಮಾರ್ಕ್ಸ್ ಅಷ್ಟೇ ಅನಿಸುತ್ತೆ. ಅದೇ ಕೈ ನಾಳೆ ಕಾರಿನ ಕೋಡ್ ಬರೆಯುತ್ತೆ. ಬರುವ ವಾರದ ಲ್ಯಾಬ್‌ನಲ್ಲಿ ವಕ್ರವಾಗಿ ಬಂದ ಗ್ರಾಫನ್ನು ವಕ್ರವಾಗಿಯೇ ಬಿಟ್ಟು, ಯಾಕೆ ಹಾಗೆ ಬಂತು ಅಂತ ಕೆಳಗೆ ಎರಡು ಸಾಲು ಬರೆಯೋಣ.