ಅಂಕಿತವನ್ನು ಬಿಟ್ಟು ಓದಬಹುದೇ?

ಶರಣರ ನುಡಿಗಳು ಇಂದು ಸದ್ಭಕ್ತರ ಮನೆಗಳಲ್ಲಿ ಎಲ್ಲೆಡೆಯೂ ಕಾಣಸಿಗುತ್ತವೆ. ಹೆಬ್ಬಾಗಿಲ ಮೇಲೆ, ಲಗ್ನಪತ್ರಿಕೆಯ ತಲೆಬರಹದಲ್ಲಿ, ಪಂಚಾಂಗದ ಹಾಳೆಯಲ್ಲಿ, ಶಾಲೆಯ ಗೋಡೆಯಲ್ಲಿ ಒಂದೊಂದು ಸಾಲು ಬರೆದಿರುತ್ತದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹೀಗೆ ಬರೆಯುವಾಗ ವಚನದ ನಡುವಣ ಸಾಲೊಂದನ್ನು ಆಯ್ದುಕೊಂಡು ಕೊನೆಯ ಅಂಕಿತವನ್ನು ಕೈಬಿಡುವುದು ವಾಡಿಕೆಯಾಗಿದೆ. ಸ್ಥಳ ಸಾಲದೆಂಬುದು ಇದಕ್ಕೆ ಕಾರಣವಿರಬಹುದು. ಹಾಗೆ ಬಿಟ್ಟುದರಿಂದ ಓದುವಾತನಿಗೆ ಆಗುವ ನಷ್ಟವೇನೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ವಚನವು ಛಂದಸ್ಸಿನ ಕಟ್ಟಿಗೆ ಒಳಪಟ್ಟ ಪದ್ಯವಲ್ಲ. ಬರಿಯ ಗದ್ಯವೂ ಅಲ್ಲ. ಎದುರಿಗಿರುವವರನ್ನು ಕರೆದು ಮಾತನಾಡುವ ಸಂಬೋಧನೆ, ದಿನದ ಬಾಳಿನಿಂದ ತೆಗೆದ ದೃಷ್ಟಾಂತ, ಒಂದೇ ನುಡಿಯನ್ನು ತಿರುತಿರುಗಿ ಹೇಳುವ ಒತ್ತು, ಕಟ್ಟಕಡೆಗೆ ಇಷ್ಟದೈವದ ಅಂಕಿತ, ಇವು ಅದರ ಮುಖ್ಯ ಅಂಗಗಳು. ಹಳೆಯ ತಾಳೆಯೋಲೆಗಳಲ್ಲಿ ಅಕ್ಷರಗಳು ಗರಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಡೆಬಿಡದೆ ಸಾಗುತ್ತವೆ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ವಚನಗಳು ಅಚ್ಚಿನ ಮೂಲಕ ಮನೆಮನೆಯನ್ನು ಸೇರತೊಡಗಿದವು. ಇಂದಿನ ಪುಸ್ತಕಗಳಲ್ಲಿ ಕಾಣುವ ಸಾಲುಗಳ ವಿಂಗಡಣೆಯು ಬಹುಮಟ್ಟಿಗೆ ಸಂಪಾದಕರದು. ಅಂಕಿತವಾದರೋ ವಚನಕಾರರದೇ. ವಚನವು ಎಲ್ಲಿ ಮುಗಿಯಿತು, ಅದು ಯಾರದು ಎಂಬುದಕ್ಕೆ ಮೊದಲ ಸಾಕ್ಷಿಯೂ ಅದೇ.

ಇದು ಹೊರಗಿನ ಪ್ರಯೋಜನ. ಒಳಗಿನ ಪ್ರಯೋಜನವು ಇದಕ್ಕಿಂತ ಹಿರಿದು. ನಂಜನಗೂಡು ತಾಲ್ಲೂಕಿನಲ್ಲಿ ಕಪಿಲಾ ನದಿಯ ದಡದ ಹುಲ್ಲಹಳ್ಳಿಯ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಸಂಜೆ ಲಿಂಗಪೂಜೆ ಮುಗಿಸಿ, ಹೆಂಡತಿ ಮಕ್ಕಳ ಮುಂದೆ ಕೋಪವನ್ನು ಕುರಿತ ಒಂದು ವಚನವನ್ನು ಆತನು ಓದುತ್ತಿರುವನು. ಕೊನೆಯ ನುಡಿ ಬರುವವರೆಗೆ ಅದು ಉಪದೇಶದಂತೆ ಕೇಳುತ್ತದೆ. ‘ಈ ಮಾತು ನೆರೆಮನೆಯವನಿಗೆ ಸರಿಯಾಗಿ ಒಪ್ಪುತ್ತದೆ’ ಎಂದು ಮನಸ್ಸು ಹೇಳಿದರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಅಂಕಿತವು ಬರುತ್ತದೆ. ಶರಣರು ಈ ಮಾತನ್ನು ತಮ್ಮ ದೇವರ ಇದಿರಿನಲ್ಲಿ ನಿಂತು ಆಡಿದರೆಂಬುದು ಆಗ ತಿಳಿಯುತ್ತದೆ. ಅದೇ ಹೆಸರನ್ನು ಉಚ್ಚರಿಸುವ ಗೃಹಸ್ಥನೂ ಆ ಕ್ಷಣದಲ್ಲಿ ದೇವರ ಇದಿರಿಗೆ ಬಂದು ನಿಲ್ಲುತ್ತಾನೆ. ನೆರೆಮನೆಯವನು ಮರೆಯಾಗುತ್ತಾನೆ, ತನ್ನ ಕೋಪವೊಂದೇ ಉಳಿಯುತ್ತದೆ.

ಹುಲ್ಲಹಳ್ಳಿಯ ಅಣೆಕಟ್ಟಿನಿಂದ ಹೊರಟ ನಾಲೆಯ ಸೀಮೆಯಲ್ಲಿ ಬೇಸಾಯ ಮಾಡುವವರು ಇದನ್ನು ಸುಲಭವಾಗಿ ಅರಿಯಬಲ್ಲರು. ನಾಲೆಯ ತುಂಬ ನೀರು ಹರಿದರೂ ತೂಬು ತೆರೆಯದಿದ್ದರೆ ಅದು ಮುಂದಿನವರ ಗದ್ದೆಗೆ ಹೋಗುವುದು. ತನ್ನ ಪೈರು ಒಣಗುವುದು. ಅಂಕಿತವು ವಚನದ ತೂಬು. ಅದನ್ನು ಬಿಟ್ಟು ಓದಿದರೆ ಉಪದೇಶವೆಲ್ಲವೂ ಪರರ ಪಾಲಾಗುತ್ತದೆ.

ಎಲ್ಲ ಅಂಕಿತಗಳ ಕೆಲಸವೂ ಒಂದೇ ಬಗೆಯದಲ್ಲ. ಬಸವಣ್ಣನವರ ಕೂಡಲಸಂಗಮದೇವನ ಹೆಸರಿನೊಡನೆ ಕೃಷ್ಣಾ-ಮಲಪ್ರಭೆಯರ ಸಂಗಮಕ್ಷೇತ್ರವೂ, ಅಲ್ಲಿ ಅವರು ಕಳೆದ ಎಳೆಯ ದಿನಗಳೂ ನೆನಪಿಗೆ ಬರುತ್ತವೆ. ಅಕ್ಕಮಹಾದೇವಿಯವರ ಚೆನ್ನಮಲ್ಲಿಕಾರ್ಜುನನು ಒಲಿದ ಪತಿ. ಆ ಹೆಸರಿನಲ್ಲಿ ಪ್ರೇಮವೂ ವಿರಹವೂ ತುಂಬಿವೆ. ಅಲ್ಲಮಪ್ರಭುಗಳ ಗುಹೇಶ್ವರನೆಂಬ ನುಡಿಯು ಮಾತನ್ನು ಮೌನದ ಅಂಚಿಗೆ ಒಯ್ಯುತ್ತದೆ. ಅಕ್ಕನವರ ವಚನವೊಂದರ ಕೊನೆಗೆ ಗುಹೇಶ್ವರನ ಹೆಸರನ್ನಿಟ್ಟು ಓದಿ ನೋಡಿದರೆ, ಉಳಿದ ಮಾತುಗಳೊಂದೂ ಬದಲಾಗದಿದ್ದರೂ ಭಾವವೇ ಬೇರೆಯಾಗುವುದು ಅನುಭವಕ್ಕೆ ಬರುತ್ತದೆ. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಟ್ಟರು. ಆಡಿದ ಮಾತಿಗೆ ತಾವೇ ಹೊಣೆಯಾಗಿ ನಿಲ್ಲುವ ಧೈರ್ಯವು ಅದರಲ್ಲಿದೆ. ಆಯ್ದಕ್ಕಿ ಲಕ್ಕಮ್ಮನವರ ಅಂಕಿತದ ಮೊದಲಿಗೇ ಪತಿ ಮಾರಯ್ಯನವರ ಹೆಸರು ಬರುತ್ತದೆ. ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಪತಿಯನ್ನು ತಿದ್ದಿದ ಆ ಶರಣೆಯು ಪತಿಯ ಹೆಸರನ್ನು ಬಿಡದೆಯೇ ದೇವರನ್ನು ಕರೆದರು. ಸಂಸಾರಿಗಳಾದ ಭಕ್ತರಿಗೆ ಈ ಒಂದು ಅಂಕಿತದಲ್ಲಿಯೇ ದೊಡ್ಡ ಪಾಠವಿದೆ.

ಅಂಕಿತದ ವಿಷಯದಲ್ಲಿ ನಾಡು ಎಷ್ಟು ಸೂಕ್ಷ್ಮವಾಗಿದೆಯೆಂಬುದು ಈಚಿನ ಒಂದು ಪ್ರಸಂಗದಿಂದ ತಿಳಿಯುತ್ತದೆ. ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಮಾರ್ಪಡಿಸಿ ಅಚ್ಚುಮಾಡಿದ ‘ಬಸವ ವಚನ ದೀಪ್ತಿ’ ಎಂಬ ಗ್ರಂಥವನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಒಂದು ನುಡಿಯು ಬದಲಾದುದಕ್ಕೆ ಅಸಂಖ್ಯ ಭಕ್ತರು ನೊಂದುಕೊಂಡರು. ಆದರೆ ಅದೇ ನುಡಿಯನ್ನು ಲಗ್ನಪತ್ರಿಕೆಯಲ್ಲಿ ಪೂರ್ತಿಯಾಗಿ ಬಿಟ್ಟಾಗ ನೋಯುವವರೆಷ್ಟು ಮಂದಿ? ಬದಲಾಯಿಸುವುದು ತಪ್ಪೆಂದು ಎಣಿಸುವವರು ಬಿಟ್ಟುಬಿಡುವುದನ್ನೂ ಒಮ್ಮೆ ಯೋಚಿಸಿ ನೋಡಬೇಡವೆ?

‘ಅರ್ಥ ತಿಳಿದರೆ ಸಾಲದೆ? ಒಂದು ಸಾಲಿನಿಂದಲೂ ಮಗುವಿನ ಮನಸ್ಸು ತಿದ್ದೀತಲ್ಲ?’ ಎಂದು ಕೆಲವರು ಕೇಳಬಹುದು. ತಿದ್ದೀತು, ನಿಜ. ಒಂದು ಸಾಲು ಮನೆಯ ಬಾಗಿಲಿದ್ದಂತೆ. ಆದರೆ ಬಾಗಿಲಲ್ಲಿಯೇ ನಿಂತು ಹಿಂದಿರುಗಿದವನು ಮನೆಯನ್ನು ಕಂಡಂತಾಗಲಿಲ್ಲ.

ಆದುದರಿಂದ ಗೃಹಸ್ಥರು ಒಂದು ಸಣ್ಣ ನೇಮವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ದಿನಕ್ಕೆ ಒಂದೇ ವಚನವಾದರೂ ಸರಿ, ಅದನ್ನು ಪೂರ್ತಿಯಾಗಿ, ಧ್ವನಿಯೆತ್ತಿ ಓದಬೇಕು. ಅಂಕಿತದ ಮುನ್ನ ಒಂದು ಉಸಿರಿನಷ್ಟು ತಡೆದು, ಬಳಿಕ ಅದನ್ನು ಉಚ್ಚರಿಸಬೇಕು. ಗೋಡೆಯ ಮೇಲೆ ಬರೆಸುವುದಿದ್ದರೆ ದೊಡ್ಡ ವಚನದ ತುಂಡಿಗೆ ಬದಲಾಗಿ ಕಿರಿದಾದ ಒಂದು ವಚನವನ್ನು ಇಡಿಯಾಗಿ ಬರೆಸಬೇಕು. ಮೂರು ನಾಲ್ಕು ಸಾಲಿನ ವಚನಗಳಿಗೆ ಶರಣರಲ್ಲಿ ಕೊರತೆಯಿಲ್ಲ. ಮಗುವು ಆ ಗೋಡೆಯನ್ನು ನೋಡಿ ‘ಅಪ್ಪಾ, ಈ ಕೊನೆಯ ಹೆಸರು ಯಾರದು?’ ಎಂದು ಕೇಳೀತು. ಆ ಪ್ರಶ್ನೆಗೆ ಉತ್ತರ ಕೊಡಲು ತಂದೆಯು ಕುಳಿತನೆಂದರೆ ಆ ಮನೆಯಲ್ಲಿ ಅನುಭಾವಗೋಷ್ಠಿಯು ತೊಡಗಿತೆಂದೇ ತಿಳಿಯಬೇಕು.