ಕೊರೋನಾ ಜ್ವರವೂ ನಾಡಿಯ ಲಯವೂ

2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ, ಇದು ಕೊರೋನಾದ ಫಲವೇ ಎಂಬ ಅಂಜಿಕೆ ಹಬ್ಬಿತು. ಆಗ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ಸರ್ಕಾರಿ ಸಮಿತಿಯು, ಹಿಂದೆ ತಗುಲಿದ ಸೋಂಕಿಗಾಗಲಿ ಲಸಿಕೆಗಾಗಲಿ ಎಳೆಯ ವಯಸ್ಸಿನ ಹೃದ್ರೋಗದೊಡನೆ ನೇರ ಸಂಬಂಧ ಕಾಣಲಿಲ್ಲವೆಂದು ವರದಿ ಮಾಡಿತು. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳತ್ತ ಬೆರಳು ತೋರಿತು.

ಆದರೆ ಸೋಂಕು ಮೈಯಲ್ಲಿರುವಾಗಿನ ಮಾತೇ ಬೇರೆ. ತೀವ್ರ ಜ್ವರ, ಆಮ್ಲಜನಕದ ಕೊರತೆ, ಹೃದಯದ ಸ್ನಾಯುವಿನ ಉರಿಯೂತ, ಇವುಗಳಿಂದ ಬಡಿತದ ಲಯ ತಪ್ಪಬಹುದು. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರಿದರೆ ರಕ್ತ ಅಲ್ಲೇ ಹೆಪ್ಪುಗಟ್ಟಿ, ಮೆದುಳಿಗೆ ಸಾಗಿ, ಲಕ್ವ ಹೊಡೆಯುವ ಅಪಾಯವುಂಟು.

ಪರೀಕ್ಷೆ ಸುಲಭ. 5 ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡಕ್ಕೆ ನೇರವಾಗಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಪೂರ್ತಿ 1 ನಿಮಿಷ ನಾಡಿ ಎಣಿಸಿರಿ. 60ರಿಂದ 100 ಸಾಮಾನ್ಯ. ಎಣಿಕೆ ಸರಿಯಿದ್ದರೂ ಮಿಡಿತ ಏರುಪೇರಾಗಿದ್ದರೆ ಇ.ಸಿ.ಜಿ. ಮಾಡಿಸಿರಿ. ಎದೆನೋವು, ಉಸಿರುಗಟ್ಟುವುದು, ಎಚ್ಚರ ತಪ್ಪುವುದು ಕಂಡರೆ ಕೊಯ್ಲು ಮುಗಿಯಲೆಂದು ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿರಿ. ಜ್ವರ ಬಿಟ್ಟ ಮರುದಿನವೇ ಯಾರೂ ಅಡಿಕೆ ಮರ ಹತ್ತಬಾರದು, ಹತ್ತಿಸಲೂ ಬಾರದು.