ಮಂತ್ರಕ್ಕೆ ಆಯುಧ ಜೋಡಿಸುವವರ ಗಮನಕ್ಕೆ

ವಾಸ್ಕೋ, ಮಡಗಾಂವ್, ಪಣಜಿ ಕಡೆಯಿಂದ ಬಂದು ನಮ್ಮ ಕನ್ನಡ ಮೇಜಿನಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವ ಎಲ್ಲರಿಗೂ ಈ ಸೂಚನೆ. ಈ ಮಳೆಗಾಲದ ಕಥೆ ನಡೆಯುವುದು ಗೋವಾ ಕದಂಬರ ಗೋಪಕಪಟ್ಟಣದಲ್ಲಿ, ಜುವಾರಿ ದಂಡೆಯ ಬಂದರಿನಲ್ಲಿ. ನಿಯಮ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನದು. 2014ರ ಪುಸ್ತಕ ಮನೆಯಲ್ಲೇ ಇರಲಿ. ಎರಡನ್ನೂ ಬೆರೆಸಿದ ಕಡೆಯೇ ಜಗಳ ಹುಟ್ಟುತ್ತದೆ. ಮಂತ್ರವನ್ನೂ ಕತ್ತಿಯನ್ನೂ ಒಟ್ಟಿಗೆ ಬಳಸಬಹುದು. ಆದರೆ ನಿಯಮ ಜಾಗ ಕೊಟ್ಟಲ್ಲಿ ಮಾತ್ರ.

ಮಾಡಬೇಕಾದ್ದು

1. ನಿಮ್ಮ ಸರದಿ ಬರುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಸರದಿಗೆ ಒಂದು ಆ್ಯಕ್ಷನ್, ಒಂದು ಬೋನಸ್ ಆ್ಯಕ್ಷನ್. ರಿಯಾಕ್ಷನ್ ಒಮ್ಮೆ ಬಳಸಿದರೆ ನಿಮ್ಮ ಮುಂದಿನ ಸರದಿಯವರೆಗೆ ಮತ್ತೆ ಸಿಗದು. ಕಾಂಬೋ ಹೇಳುವಾಗ ಯಾವ ಭಾಗಕ್ಕೆ ಯಾವುದು ಖರ್ಚು ಎಂದು ಬಾಯಿಬಿಟ್ಟು ಹೇಳಿ. ಹೇಳಲು ಬಾರದಿದ್ದರೆ ಆ ಕಾಂಬೋ ಇಲ್ಲ.

2. ಒಂದು ಸರದಿಯಲ್ಲಿ ಒಂದೇ ಸ್ಪೆಲ್ ಸ್ಲಾಟ್ ಖರ್ಚು ಮಾಡಿ. ಡಿವೈನ್ ಸ್ಮೈಟ್ ಈಗ ಮಂತ್ರವೇ, ಬೋನಸ್ ಆ್ಯಕ್ಷನ್ ತಿನ್ನುತ್ತದೆ. ಸ್ಲಾಟ್ ಕೊಟ್ಟು ಸ್ಮೈಟ್ ಹಾಕಿದ ಪಾಲಡಿನ್ ಅದೇ ಸರದಿಯಲ್ಲಿ ಇನ್ನೊಂದು ಸ್ಲಾಟ್ ಮುಟ್ಟುವಂತಿಲ್ಲ. ಕ್ಯಾಂಟ್ರಿಪ್‌ಗೆ ಈ ಕಟ್ಟು ಇಲ್ಲ. ಶತ್ರುವಿನ ಸರದಿಯಲ್ಲಿ ರಿಯಾಕ್ಷನ್ ಆಗಿ ಶೀಲ್ಡ್ ಹಾಕುವುದಕ್ಕೂ ಅಡ್ಡಿಯಿಲ್ಲ, ಅದು ಬೇರೆ ಸರದಿ.

3. ಕಾನ್ಸಂಟ್ರೇಶನ್ ಬೇಡುವ ಮಂತ್ರ ಹಾಕಿದೊಡನೆ ಅದರ ಹೆಸರಿನ ಚೀಟಿ ಮೇಜಿನ ಮೇಲಿಡಿ. ಪೆಟ್ಟು ಬಿದ್ದಾಗ ಡಿಎಮ್ ಕೇಳುವವರೆಗೆ ಕಾಯದೆ ನೀವೇ ದಾಳ ಎತ್ತಿಕೊಳ್ಳಿ. 10 ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದನ್ನು ಮುಟ್ಟಬೇಕು, ಮಿತಿ 30. 28 ಪೆಟ್ಟು ತಿಂದವರಿಗೆ 14 ಬೇಕು. ರೇಂಜರ್‌ನ ಹಂಟರ್ಸ್ ಮಾರ್ಕ್, ವಾರ್ಲಾಕ್‌ನ ಹೆಕ್ಸ್ ಎರಡೂ ಕಾನ್ಸಂಟ್ರೇಶನ್ ಮಂತ್ರಗಳೇ ಎಂಬುದು ನೆನಪಿರಲಿ.

4. ಜತೆಯವರೊಂದಿಗೆ ಸೇರಿ ಕಾಂಬೋ ಕಟ್ಟಿ. ಒಳ್ಳೆಯ ಜೋಡಣೆ ಸಾಮಾನ್ಯವಾಗಿ ಎರಡು ಕ್ಯಾರೆಕ್ಟರ್‌ಗಳ ನಡುವೆಯೇ ಇರುತ್ತದೆ. ವಿಝರ್ಡ್ ಹೋಲ್ಡ್ ಪರ್ಸನ್ ಹಾಕಿ ಬಂದರಿನ ದರೋಡೆಕೋರನನ್ನು ಮರಗಟ್ಟಿಸಿದರೆ, 5 ಅಡಿಯೊಳಗಿಂದ ತಗಲಿದ ಪ್ರತಿ ಹೊಡೆತವೂ ಕ್ರಿಟಿಕಲ್. ಆಗ ರೋಗ್‌ನ ಸ್ನೀಕ್ ಅಟ್ಯಾಕ್ ದಾಳಗಳೂ ಇಮ್ಮಡಿ. ಆದರೆ ಮಂತ್ರ ಹಾಕಿದವರ ಮೇಲೆ ಬಾಣ ಬೀಳದಂತೆ ಯಾರಾದರೂ ಅಡ್ಡ ನಿಲ್ಲಬೇಕು. ಇನ್ನೊಂದು: ಹೋಲ್ಡ್ ಪರ್ಸನ್ ಹ್ಯೂಮನಾಯ್ಡ್‌ಗಳಿಗೆ ಮಾತ್ರ, ಪ್ರೇತಕ್ಕೂ ಮೊಸಳೆಗೂ ಅಲ್ಲ.

5. ಮಂತ್ರ, ಆಯುಧ ಎರಡೂ ಒಬ್ಬರಲ್ಲೇ ಬೇಕೆಂದರೆ ಅದಕ್ಕೆಂದೇ ಇರುವ ದಾರಿ ಹಿಡಿಯಿರಿ. ಎಲ್ಡ್ರಿಚ್ ನೈಟ್ 7ನೇ ಲೆವೆಲ್‌ನಿಂದ ತನ್ನ ಹೊಡೆತಗಳಲ್ಲಿ ಒಂದನ್ನು ಬಿಟ್ಟು ಆ ಜಾಗಕ್ಕೆ ವಿಝರ್ಡ್ ಕ್ಯಾಂಟ್ರಿಪ್ ಹಾಕಬಲ್ಲ. ಟ್ರೂ ಸ್ಟ್ರೈಕ್‌ನಲ್ಲಿ ಆಯುಧದಿಂದಲೇ ಹೊಡೆಯುವುದರಿಂದ, ಆಯುಧ ತಕ್ಕದ್ದಾಗಿದ್ದರೆ ರೋಗ್ ಅದರ ಮೇಲೆ ಸ್ನೀಕ್ ಅಟ್ಯಾಕ್ ಸೇರಿಸಬಹುದು, ಸರದಿಗೆ ಒಮ್ಮೆ ಮಾತ್ರ.

6. ಫೈರ್‌ಬಾಲ್ ಎಸೆಯುವ ಮೊದಲು ಚೌಕ ಎಣಿಸಿ. ಅದರ ತ್ರಿಜ್ಯ 20 ಅಡಿ. ಎವೋಕರ್‌ನ ಸ್ಕಲ್ಪ್ಟ್ ಸ್ಪೆಲ್ಸ್ ಇಲ್ಲದಿದ್ದರೆ ಒಳಗಿರುವ ನಿಮ್ಮವರೂ ಬೇಯುತ್ತಾರೆ. ಮಡ್ಲು ಹೊದಿಸಿದ ಗೋದಾಮಿಗೆ ಬೆಂಕಿ ಹತ್ತುತ್ತದೆ, ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಹತ್ತದು.

7. ಸ್ಲಾಟ್ ಖರ್ಚಾದ ತಕ್ಷಣ ಗುರುತು ಹಾಕಿ. ಇಲ್ಲಿಯ ಜೂನ್–ಜುಲೈ ತೇವಕ್ಕೆ ಶೀಟು ಮೆತ್ತಗಾಗಿ ಪೆನ್ನಿನ ಶಾಯಿ ಹರಡುತ್ತದೆ. ಪೆನ್ಸಿಲ್ ತನ್ನಿ, ಶೀಟನ್ನು ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಉಳಿದ ಸ್ಲಾಟ್ ಯಾರ ಮೇಲೆ ಎಂಬ ವಿವೇಚನೆ ಇರಲಿ. ಅರ್ಜುನನಿಗೆಂದು ಕಾದಿಟ್ಟ ಶಕ್ತ್ಯಾಯುಧವನ್ನು ಕರ್ಣ ಘಟೋತ್ಕಚನ ಮೇಲೆ ಖರ್ಚು ಮಾಡಬೇಕಾಯಿತು.

ಮಾಡಬಾರದ್ದು

1. ಒಂದೇ ಮಂತ್ರವನ್ನು ಇಬ್ಬರು ಹಾಕಿ ಫಲ ಕೂಡಿಸಬಾರದು. ಇಬ್ಬರು ಕ್ಲೆರಿಕ್ ಬ್ಲೆಸ್ ಹಾಕಿದರೂ ಸಿಗುವುದು ನಾಲ್ಕು ಮುಖದ ಒಂದೇ ದಾಳ. ಬೇರೆ ಬೇರೆ ಮಂತ್ರಗಳ ಫಲ ಕೂಡುತ್ತದೆ.

2. ಫೈಟರ್‌ನ ಆ್ಯಕ್ಷನ್ ಸರ್ಜ್‌ನಿಂದ ಮಂತ್ರ ಹಾಕಬಾರದು. ಅಲ್ಲಿ ಸಿಗುವ ಹೆಚ್ಚುವರಿ ಆ್ಯಕ್ಷನ್ ಮ್ಯಾಜಿಕ್‌ಗೆ ಸಲ್ಲದು. ಹೇಸ್ಟ್ ಕೊಡುವ ಆ್ಯಕ್ಷನ್‌ನಿಂದಲೂ ಮಂತ್ರವಿಲ್ಲ. ಹೊಡೆಯುವುದಾದರೆ ಒಂದೇ ಹೊಡೆತ. ಹೇಸ್ಟ್ ಮುರಿದರೆ ಅದನ್ನು ಪಡೆದವರು ತಮ್ಮ ಮುಂದಿನ ಸರದಿ ಮುಗಿಯುವವರೆಗೆ ಕೈಲಾಗದೆ ನಿಲ್ಲುತ್ತಾರೆ. ಆಗ ರಿಯಾಯಿತಿ ಕೇಳಬೇಡಿ.

3. ರೇಜ್‌ನಲ್ಲಿರುವ ಬಾರ್ಬೇರಿಯನ್ ಮಂತ್ರ ಹಾಕಬಾರದು, ಮೊದಲೇ ಹಾಕಿದ ಮಂತ್ರದ ಮೇಲೆ ಕಾನ್ಸಂಟ್ರೇಶನ್ ಹಿಡಿದಿಡಲೂ ಬಾರದು. ಬಾರ್ಬೇರಿಯನ್‌ಗೆ ಡ್ರೂಯಿಡ್ ಸೇರಿಸಿ ಕಟ್ಟುವವರು ಇದನ್ನು ಎರಡು ಸಲ ಓದಿ.

4. ರೆಡಿ ಮಾಡಿಟ್ಟ ಮಂತ್ರವನ್ನು ಬೇಡವೆಂದು ವಾಪಸ್ ತೆಗೆದುಕೊಳ್ಳಬಾರದು. ರೆಡಿ ಎಂದ ಕ್ಷಣಕ್ಕೇ ಸ್ಲಾಟ್ ಹೋಯಿತು. ಹಿಡಿದಿಡಲು ಕಾನ್ಸಂಟ್ರೇಶನ್ ಬೇಕು, ಬಿಡಲು ರಿಯಾಕ್ಷನ್ ಬೇಕು. ಕಾದ ಸಂದರ್ಭ ಬರದಿದ್ದರೆ ಎಲ್ಲವೂ ನಷ್ಟ.

5. ದಾಳ ಉರುಳಿದ ಮೇಲೆ ಯೋಜನೆ ಬದಲಿಸಬಾರದು. ಸ್ಮೈಟ್‌ನಂತೆ ಹೊಡೆತ ತಗಲಿದ ಮೇಲೆಯೇ ಹೇಳಬಹುದಾದವುಗಳ ಬಗ್ಗೆ ಪುಸ್ತಕದಲ್ಲಿ ಹಾಗೆಂದು ಬರೆದಿದೆ. ಉಳಿದದ್ದಕ್ಕೆ ಮೊದಲು ಮಾತು, ಆಮೇಲೆ ದಾಳ.

6. ಎರಡೂ ಕೈ ತುಂಬಿಕೊಂಡು ಕೈಮುದ್ರೆ ಬೇಕಾದ ಮಂತ್ರ ಹಾಕಬಾರದು. ಕತ್ತಿ, ಗುರಾಣಿ ಎರಡನ್ನೂ ಹಿಡಿದೇ ಮುದ್ರೆ ಮಾಡಬೇಕೆಂದರೆ ವಾರ್ ಕ್ಯಾಸ್ಟರ್ ಫೀಟ್ ತೆಗೆದುಕೊಳ್ಳಿ. ಸೈಲೆನ್ಸ್ ವಲಯದೊಳಗೆ ನಿಂತು, ಬಾಯಲ್ಲಿ ಉಚ್ಚರಿಸಬೇಕಾದ ಮಂತ್ರ ಹಾಕಲೂ ಆಗದು. ಕ್ಲೆರಿಕ್ ಹಾಕಿದ ಸೈಲೆನ್ಸ್ ನಮ್ಮ ವಿಝರ್ಡ್‌ನ ಬಾಯಿಯನ್ನೂ ಕಟ್ಟುತ್ತದೆ.

7. ವರ್ಣನೆಯ ಬಲದಿಂದ ಹೆಚ್ಚುವರಿ ಪೆಟ್ಟು ಕೇಳಬಾರದು. ಫೆಣಿ ಎರಚಿ ಫೈರ್ ಬೋಲ್ಟ್ ಬಿಟ್ಟರೆ ಇಮ್ಮಡಿ ಪೆಟ್ಟು ಎಂಬ ಬೇಡಿಕೆ ತಿರಸ್ಕೃತ. ಮೊದಲನೆಯದು, ಹಾಗೊಂದು ನಿಯಮವಿಲ್ಲ. ಎರಡನೆಯದು, ಗೇರು ಗೋವಾಕ್ಕೆ ಬಂದದ್ದು ಪೋರ್ಚುಗೀಸರ ಜತೆ, ಅವರು ಗೋವಾ ಹಿಡಿದದ್ದು 1510ರಲ್ಲಿ. ಕದಂಬರ ಬಂದರಿನಲ್ಲಿ ಗೇರು ಫೆಣಿ ಸಿಗುವುದಿಲ್ಲ. ವರ್ಣನೆ ಎಷ್ಟು ಬೇಕಾದರೂ ಚೆಂದವಾಗಿ ಮಾಡಿ, ದಾಳದ ಲೆಕ್ಕ ಮಾತ್ರ ಪುಸ್ತಕದ್ದು.

8. ಪಾಥ್‌ಫೈಂಡರ್‌ನ ನಿಯಮ ತಂದು ಇಲ್ಲಿ ತುರುಕಬಾರದು. ಅಲ್ಲಿಯ ಮೇಗಸ್ ಒಂದೇ ಏಟಿನಲ್ಲಿ ಕತ್ತಿಯ ಪೆಟ್ಟನ್ನೂ ಮಂತ್ರವನ್ನೂ ಸಾಗಿಸಬಲ್ಲ. ಸ್ಪೆಲ್‌ಸ್ಟ್ರೈಕ್ ಆ ಆಟದ ಸೊತ್ತು. ಹಾಗೆಯೇ ಇಂಟರ್ನೆಟ್ಟಿನಿಂದ ಎತ್ತಿ ತಂದ ಬಿಲ್ಡ್ ಇದ್ದರೆ ಆಟದ ಹಿಂದಿನ ದಿನವೇ ಡಿಎಮ್‌ಗೆ ತೋರಿಸಿ. ಕಾಳಗದ ನಡುವೆ ಮೊಬೈಲ್ ತೆಗೆದು ವಾದ ಮಾಡುವುದು ಬೇಡ.

9. ಇನ್ನೊಬ್ಬರ ಸರದಿಯನ್ನು ನೀವು ಆಡಬಾರದು. ಹೊಸಬರು ಕೇಳಿದರೆ ಸಲಹೆ ಕೊಡಿ, ಕೇಳದಿದ್ದರೆ ಸುಮ್ಮನಿರಿ. ಅವರು ತಪ್ಪು ಮಂತ್ರ ಹಾಕಿದರೆ ಅದು ಅವರ ಕಥೆ.

ತಕರಾರು ಬಂದರೆ ಎರಡು ನಿಮಿಷದಲ್ಲಿ ನಿಮ್ಮ ಮಾತು ಹೇಳಿ. ಆಮೇಲೆ ಡಿಎಮ್ ಹೇಳಿದ್ದೇ ಆ ದಿನದ ಮಟ್ಟಿಗೆ ಕೊನೆ. ಪುಸ್ತಕವನ್ನು ಆಟ ಮುಗಿದ ಮೇಲೆ ಎಲ್ಲರೂ ಕೂತು ನೋಡೋಣ. ಡಿಎಮ್ ತೀರ್ಪು ತಪ್ಪೆಂದು ಕಂಡರೆ ಮುಂದಿನ ವಾರದಿಂದ ತಿದ್ದುಪಡಿ. ಆಗಿಹೋದ ಕಾಳಗವನ್ನು ಮತ್ತೆ ಆಡುವುದಿಲ್ಲ. ಈ ನಿಯಮ ಹಳಬರಿಗೂ ಹೊಸಬರಿಗೂ ಒಂದೇ. ಒಪ್ಪಿಗೆ ಇದ್ದವರು ದಾಳ ತೆಗೆದುಕೊಂಡು ಬನ್ನಿ.